ಒಂದು ಅಂಚು ತಿರುಗಿದ ಆಕಾಶಬುಟ್ಟಿ

ದೀಪಾವಳಿಯ ಹಿಂದಿನ ಸಂಜೆ, ಆಕಾಶಬುಟ್ಟಿಯನ್ನು ಕೊಕ್ಕೆಗೆ ನೇತುಹಾಕಿ ನೋಡಿದ ಶಾಲಿನಿ ಹಣೆ ಚಚ್ಚಿಕೊಂಡಳು. ಮೇಲಿಂದ ನೆಟ್ಟಗೆ ಇಳಿದ ಕೆಂಪು ಪಟ್ಟೆ ನಡುವಿನವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟಿತ್ತು.

"ವಸಿಷ್ಠ ಅವ್ರೇ, ಕೆಳಗಿನ ಟೋಪಿ ಅಂಟಿಸಿದ್ದು ನೀವೇ ಅಲ್ವಾ?"

ಆಕಾಶಬುಟ್ಟಿ ಮಾಡಿ ಮಾರಲು ರಾಮಕೃಷ್ಣನಗರದಲ್ಲಿ ಅವಳು ಬಾಡಿಗೆಗೆ ಹಿಡಿದ ಈ ಗ್ಯಾರೇಜಿಗೆ, ಎದುರುಮನೆಯ ಗಣಿತದ ಮೇಷ್ಟ್ರು ವಸಿಷ್ಠ ತಿಂಗಳಿನಿಂದ ದಿನಾ ಬರುತ್ತಿದ್ದ. ನೆಪ ಆಕಾಶಬುಟ್ಟಿ. ಚೌಕ, ತ್ರಿಕೋನಗಳನ್ನು ಒಂದು ಬಿಟ್ಟೊಂದು ಜೋಡಿಸಿದ ಟೋಪಿ ಮೇಲೊಂದು, ಕೆಳಗೊಂದು, ನಡುವೆ ಎಂಟು ಚೌಕಗಳ ಪಟ್ಟಿ ಸೇರಿಸಿ ಉದ್ದ ಮಾಡಿದ ಆಕಾರ ಅದು. ಪುಸ್ತಕದಲ್ಲಿ ಅದಕ್ಕಿರುವ ಮಾರುದ್ದದ ಹೆಸರನ್ನು ಅವನು ವಿವರಿಸುವಾಗ ಶಾಲಿನಿ ಹೆಸರು ಕೇಳುತ್ತಿರಲಿಲ್ಲ, ಅವನ ಕಣ್ಣು ನೋಡುತ್ತಿದ್ದಳು.

ಈಗ ಆ ಕಣ್ಣು ನೋಡುವ ಮನಸ್ಸಿರಲಿಲ್ಲ. ಬುಟ್ಟಿ ಒಯ್ಯಲು ಸಿದ್ಧಾರ್ಥನಗರದ ಗಿರಾಕಿ ಇನ್ನೇನು ಬರುತ್ತಾರೆ. ಅದಕ್ಕೂ ಮುಂಚೆ ಕಡಕೊಳದಿಂದ ಅವ್ವನ ಫೋನ್ ಬರುತ್ತದೆ. ಹೆಣ್ಣು ನೋಡಿಹೋದ ಹುಡುಗನ ಮನೆಯವರಿಗೆ ಇವತ್ತೇ ಉತ್ತರ ಹೇಳಬೇಕು. ಈ ಮನುಷ್ಯ ಬಾಯಿ ಬಿಟ್ಟರೆ ಒಂದು ಉತ್ತರ, ಬಿಡದಿದ್ದರೆ ಇನ್ನೊಂದು.

"ಒಂದೊಂದು ಮೂಲೆನೂ ನೋಡಿದೀನಿ ಶಾಲಿನಿ. ಮೂರು ಚೌಕ, ಒಂದು ತ್ರಿಕೋನ. ಎಲ್ಲಾ ಕಡೆನೂ ಸರಿಯಾಗೇ ಇದೆ."

"ಮೂಲೆ ನೋಡಿದ್ರೆ ಸಾಕಾ? ಒಂಚೂರು ದೂರ ನಿಂತು ನೋಡಿ. ಮೇಲೆ ಚೌಕ ಇರೋ ಕಡೆ ಕೆಳಗೆ ತ್ರಿಕೋನ ತಂದು ಕೂರಿಸ್ಬುಟ್ಟಿದೀರಿ!"

ಅವನು ದೂರ ನಿಂತು ನೋಡಿದ. ಮುಖ ಸಪ್ಪಗಾಯಿತು. "ಒಂದು ಅಂಚಿನಷ್ಟು ತಿರುಗಿದೆ. ಎಂತೆಂಥ ಗಣಿತಜ್ಞರೂ ಇದರಲ್ಲಿ ಏಮಾರಿದ್ದಾರೆ..."

"ನಂಗೆ ಗಣಿತ ಬೇಡ."

ಫೋನ್ ಬಡಿದುಕೊಂಡಿತು. ಅವ್ವ ಪುಟ್ಟತಾಯಮ್ಮ. ಶಾಲಿನಿ ಬೇಕೆಂದೇ ಸ್ಪೀಕರ್ ಹಾಕಿದಳು.

"ಏನವ್ವಾ, ಅವ್ರು ಕಾಯ್ತಾವ್ರೆ. ಹೂಂ ಅಂದ್ಬುಡ್ಲಾ?"

ಶಾಲಿನಿ ವಸಿಷ್ಠನನ್ನೇ ದುರುಗುಟ್ಟಿ ನೋಡಿದಳು. ಅವನು ಬ್ಲೇಡು ಹಿಡಿದು ಕೆಳಗಿನ ಟೋಪಿಯ ಅಂಟು ಬಿಡಿಸುತ್ತಿದ್ದ. ಹೇಳೋ ಮಾರಾಯ ಎಂದು ಅವಳ ಜೀವ ಒದ್ದಾಡಿತು.

"ಇದನ್ನ ಅಂಟಿಸ್ತಿದ್ದಾಗಲೇ ನೀವು ಆ ಹುಡುಗನ ವಿಷಯ ಹೇಳಿದ್ದು," ತಲೆ ಎತ್ತದೆ ಅವನೆಂದ. "ಆಮೇಲೆ ನನ್ನ ಕೈ ಏನು ಮಾಡ್ತೋ ಗೊತ್ತಿಲ್ಲ. ಸುಮ್ನೆ ಮೂಲೆ ಎಣಿಸ್ತಾ ಕೂತೆ. ಎಣಿಸೋದು ನಿಲ್ಲಿಸಿದ್ರೆ ಅತ್ತುಬಿಡ್ತಿದ್ದೆ. ಹೂಂ ಅನ್ನಬೇಡಿ ಶಾಲಿನಿ. ನಂಗೆ ನೀವು ಬೇಕು."

ಫೋನಿನಲ್ಲಿ ಅವ್ವನ ದನಿ ಏರಿತು.

"ಯಾರವ್ವಾ ಅದು? ಲೆಕ್ಕದ ಮೇಷ್ಟ್ರಾ?"

"ಹೂಂ ಕಣವ್ವ." ಶಾಲಿನಿ ಫೋನಿನತ್ತ ಬಾಗಿದಳು. "ಆ ಹುಡುಗನ ಮನೆಯೋರಿಗೆ ಬ್ಯಾಡ ಅಂದ್ಬುಡು."

"ನಿಮ್ಮಪ್ಪಂಗೆ ಮಾತ್ರ ನೀನೇ ಬಂದು ಹೇಳು," ಎಂದು ಪುಟ್ಟತಾಯಮ್ಮ ಫೋನ್ ಇಟ್ಟಳು.

ಅದು ಒಪ್ಪಿಗೆಯೋ ಕೋಪವೋ ತಿಳಿಯಲಿಲ್ಲ. ತಿಳಿಯುವಷ್ಟು ಪುರುಸೊತ್ತೂ ಇರಲಿಲ್ಲ. ಶಾಲಿನಿ ಹೊಸದಾಗಿ ಅಂಟು ಹಚ್ಚಿದಳು. ವಸಿಷ್ಠ ಟೋಪಿಯನ್ನು ಒಂದು ಅಂಚಿನಷ್ಟು ತಿರುಗಿಸಿ ಕೂರಿಸಿದ. ಕೆಂಪು ಪಟ್ಟೆ ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಾಯಿತು.

ಗೇಟಿನ ಮುಂದೆ ಗಿರಾಕಿಯ ಕಾರು ನಿಂತಿತು. ವಸಿಷ್ಠ ಗಾಬರಿಯಿಂದ ಕೈ ತೆಗೆಯಲು ಹೋದ. ಶಾಲಿನಿ ಅವನ ಕೈಗಳ ಮೇಲೆ ತನ್ನ ಕೈ ಒತ್ತಿ ಹಿಡಿದಳು.

"ಅಂಟು ಒಣಗೋವರ್ಗೂ ತೆಗೀಬೇಡ ಕಣೋ. ನೋಡಿದ್ರೆ ನೋಡ್ಲಿ ಬುಡು."