ತುಟಿ ಬಿಚ್ಚದ ದನಿ

ಶಿವನಿ ಸ್ಟೇಷನ್ನಿನಲ್ಲಿ ಬೆಳಗಿನ ಮಂಜು. ಬೆನ್ನ ಹಿಂದಿನಿಂದ ನಮ್ಮಮ್ಮ ದಿನಾ ನೋಡುವ ಸೀರಿಯಲ್ಲಿನ ಸೊಸೆ ಕೇಳಿದಳು, "ಕಡೂರಿನ ಟ್ರೈನ್ ಹೋಯ್ತಾ?"

ತಿರುಗಿದೆ. ಟೀವಿಯಲ್ಲಿ ಕಾಣುವ ಮುಖವಲ್ಲ. ನೀಲಿ ದುಪಟ್ಟಾದೊಳಗೆ ಬೇರೆ ಯಾರೋ ಹುಡುಗಿ, ಚಳಿಗೆ ಮೂಗಿನ ತುದಿ ಕೆಂಪಾಗಿತ್ತು. ದನಿ ಮಾತ್ರ ಆ ಸೊಸೆಯದೇ. ಮೋಟಾರಿನ ಶಬ್ದ ಕೇಳಿಯೇ ಕಾಯಿಲೆ ಹೇಳುವ ಮೆಕ್ಯಾನಿಕ್ ನಾನು, ಓಂಕಾರೇಶ. ನನ್ನ ಕಿವಿ ಮೋಸ ಹೋಗುವುದಿಲ್ಲ.

"ಏನ್ರೀ, ದೆವ್ವ ನೋಡ್ದಂಗೆ ನೋಡ್ತೀರಾ?"

"ದೆವ್ವ ನೋಡಿಲ್ಲ. ದಿನಾ ಸಂಜೆ ನಮ್ಮನೇಲಿ ಅದರ ಮಾತು ಕೇಳ್ತೀನಿ."

ನಕ್ಕಳು. ಹೆಸರು ಉಮ್ಮೆ ಹಾನಿ. ಬೆಂಗಳೂರಿನಲ್ಲಿ ಸೀರಿಯಲ್ಲಿಗೆ ದನಿ ಕೊಡುತ್ತಿದ್ದವಳು, ಈಗ ಚಿಕ್ಕಮ್ಮನ ಮನೆಗೆ ಬಂದು ಕಡೂರಿನ ಶಾಲೆಯಲ್ಲಿ ಟೀಚರ್. ನನ್ನ ಅಂಗಡಿಯೂ ಕಡೂರಿನಲ್ಲೇ. ದಿನವೂ ಒಂದೇ ಟ್ರೈನ್, ಎದುರುಬದುರು ಸೀಟು. ತಿಂಗಳು ತುಂಬುವ ಹೊತ್ತಿಗೆ ಅವಳಿಲ್ಲದ ಭಾನುವಾರ ನನಗೆ ಊಟ ಸೇರುತ್ತಿರಲಿಲ್ಲ.

ಆದರೆ ಆ ದನಿಯನ್ನು ನಾನು ಇನ್ನೊಂದು ಕಡೆಯೂ ಕೇಳಿದ್ದೆ. ಒಂದು ಬೆಳಗ್ಗೆ ಅಜ್ಜಂಪುರ ದಾಟುವಾಗ ತಡೆಯಲಾರದೆ ಕೇಳಿಬಿಟ್ಟೆ.

"ಆ ದೊಡ್ಡವರು ಮಾತ್ರ ನೋಡೋ ಆಪ್ ಇದ್ಯಲ್ಲ... ಅದ್ರಲ್ಲೂ ನಿಮ್ದೇ ದನಿ ಅಲ್ವಾ?"

ಅವಳ ನಗು ನಿಂತಿತು. "ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ."

"ಹಂಗಾದ್ರೆ ನೀವೇ ನೋಡಿದ್ದೀರಿ."

ನಾನು ಕಿಟಕಿಯ ಕಡೆ ತಿರುಗಿದೆ.

"ಒಂದೇ ಸ್ಟುಡಿಯೋ ಕಣ್ರೀ," ಎಂದಳು. "ಬೆಳಿಗ್ಗೆ ಸೀರಿಯಲ್ಲು, ಮಧ್ಯಾಹ್ನ ಅದು. ಮಾತಾಡೋಕೆ ಒಪ್ಕೊಂಡಿದ್ದೆ, ಸುಳ್ಳು ಹೇಳಲ್ಲ. ನರಳೋಕೆ ಮಾತ್ರ ಆಗ್ಲಿಲ್ಲ. ಸೊಸೆ ಅತ್ತೆಯ ಹೆಣದ ಮುಂದೆ ಬಿಕ್ಕಿ ಬಿಕ್ಕಿ ಅಳೋ ಸೀನ್ ಇತ್ತಲ್ಲ? ಆ ಉಸಿರನ್ನೇ ಕತ್ತರಿಸಿ ನರಳೋ ಕಡೆ ಅಂಟಿಸಿದ್ರು."

ಆ ಅಳು ಕೇಳಿ ನಮ್ಮಮ್ಮ ಅವತ್ತು ಊಟ ಬಿಟ್ಟಿದ್ದಳು. ಅದೇ ಅಳುವನ್ನು ನಾನು ಇಯರ್‌ಫೋನ್ ಹಾಕಿಕೊಂಡು ಸುಖದ ಸದ್ದೆಂದು ಕೇಳಿದ್ದೆ.

"ನಾನು ಆ ಕೆಲ್ಸ ಬಿಟ್ಟು ಆರು ತಿಂಗ್ಳಾಯ್ತು. ಸೊಸೆ ಇನ್ನೂ ಮಾತಾಡ್ತಾನೇ ಇದಾಳಲ್ಲ, ಯೋಚ್ನೆ ಮಾಡಿದ್ರಾ? ಕಂಪ್ಯೂಟರ್ ನನ್ನ ದನಿ ಕಲ್ತ್ಕೊಂಡ್ಬಿಟ್ಟಿದೆ. ಸೀರಿಯಲ್ಲಿಗೂ ಅದೇ, ಆಪ್‌ಗೂ ಅದೇ."

ಮರುದಿನದಿಂದ ಅವಳು ಬೇರೆ ಬೋಗಿ ಹತ್ತಿದಳು. ಎಂಟು ದಿನ ತಡೆದೆ. ಒಂಬತ್ತನೆಯ ಸಂಜೆ ಕಡೂರು ಸ್ಟೇಷನ್ನಿನೆದುರು ಹೊನ್ನಯ್ಯನ ಟೀ ಅಂಗಡಿಯಲ್ಲಿ ಅವಳಿಗೆ ಅಡ್ಡ ನಿಂತೆ.

"ಕೇಳಿದ್ದಕ್ಕೂ ನಾಚಿಕೆ ಆಗ್ತಿದೆ, ನೋಡಿದ್ದಕ್ಕೂ. ಆದ್ರೆ ನೀವಂದ್ರೆ ನಂಗೆ ಪ್ರಾಣ. ನಾನು ಬೇಕೋ ಬೇಡ್ವೋ, ಒಂದ್ಮಾತು ಹೇಳ್ಬಿಡಿ."

ಅವಳು ತಲೆಯೆತ್ತಿ ನನ್ನತ್ತ ನೋಡಿದಳು. ನೋಟ ಮೆತ್ತಗಾಯಿತು. ಆಗ ಅವಳ ದನಿ ಹೇಳಿತು: "ನಿಮ್ಮನ್ನು ಬಿಟ್ಟು ನಾನು ಬದುಕಲಾರೆ."

ಅವಳ ತುಟಿ ಅಲುಗಿರಲಿಲ್ಲ.

ತಲೆಯ ಮೇಲಿನ ಟೀವಿಯಲ್ಲಿ ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು. "ಪಾಪ, ಎಷ್ಟು ಚೆಂದಾಗ್ ಹೇಳ್ತಾಳಪ್ಪ!" ಎಂದ ಹೊನ್ನಯ್ಯ.

ಉಮ್ಮೆ ಹಾನಿ ಬಿಳಿಚಿಕೊಂಡಿದ್ದಳು. "ನಾನು ಹೇಳ್ಬೇಕು ಅಂತಿದ್ದೆ. ಅದು ಹೇಳ್ಬಿಡ್ತು."

ನನ್ನ ತೋಳು ಹಿಡಿದು ಪ್ಲಾಟ್‌ಫಾರಂನ ತುದಿಗೆ ಎಳೆದುಕೊಂಡು ಹೋದಳು. "ಫೋನ್ ಆಫ್ ಮಾಡಿ." ಮಾಡಿದೆ. ತನ್ನದನ್ನೂ ಮಾಡಿದಳು. ಸುತ್ತ ಕಣ್ಣಾಡಿಸಿ, ನನ್ನ ಕಿವಿಯ ಹತ್ತಿರ ಬಂದಳು.

"ಮೇರೆಕು ತುಮೇಚ್ ಹೋನಾ."

ನನಗೆ ನೀವೇ ಬೇಕು. ಅವಳ ಮನೆಮಾತು ಅದು, ಯಾವ ಸ್ಟುಡಿಯೋದವರೂ ಕೇಳಿಸಿಕೊಳ್ಳದ ಮಾತು. ದನಿ ಒರಟಾಗಿತ್ತು, ಸ್ವಲ್ಪ ನಡುಗುತ್ತಿತ್ತು. ಅಂಥ ದನಿಯನ್ನು ನಾನು ಎಲ್ಲೂ ಕೇಳಿರಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದೆ.

ಅವಳು ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡು ತಲೆಯಲ್ಲಾಡಿಸಿದಳು.

"ಬೇಡ. ಅದು ಕಲ್ತ್ಕೊಂಡ್ಬಿಡುತ್ತೆ."