ಟವೆಲ್ ಎತ್ತುವ ಕಂಡಕ್ಟರ್

"ಸರ್, ನಿಮ್ಮ ಸೀಟಿನ ಮ್ಯಾಲೆ ಬರೇ ಟವೆಲ್ ಐತಿ. ಹಿಂದ ಸಾಜಿದಾ ನದಾಫ್ ಅಂತ ಒಬ್ಬರು ನಿಂತಾರ. ಕಾಶೀಬಾಯಿ ನರೇಗಲ್ಲರ ಗಂಟಲಿನ ಲೆಕ್ಕ ಮಾಡೂದೈತಂತ. ಬಿಟ್ಟು ಕೊಡ್ತೀರೇನ್ರಿ?"

ರೊಟ್ಟಿ ಮುರಿಯುತ್ತಿದ್ದ ಪ್ರೊಫೆಸರ್ ವೀರಭದ್ರ ಕಡಕೋಳರ ಕೈ ಅಲ್ಲೇ ನಿಂತಿತು. ಮಾತಾಡಿದ್ದು ಮೇಜಿನ ಮೇಲಿದ್ದ ಗಣಕ. ತಮ್ಮ ಕಳ್ಳಾಟವನ್ನು ಯಂತ್ರವೊಂದು ಇಷ್ಟು ಮರ್ಯಾದೆಯಿಂದ ಬಯಲಿಗೆಳೆದೀತೆಂದು ಅವರು ಎಣಿಸಿರಲಿಲ್ಲ.

"ಕಾಶೀಬಾಯಾರದೇನ? ಮೊದ್ಲ ಹೇಳಬಾರದೇನೋ!" ಎಂದು ಯಂತ್ರವನ್ನೇ ಗದರಿ, ಎಂಜಲು ಕೈಯಲ್ಲೇ ಗುಂಡಿ ಒತ್ತಿ ಸೀಟು ಬಿಟ್ಟರು.

ಇದು ೨೦೫೮ರ ಸಂಗತಿ. ಧಾರವಾಡದ ವಿಶ್ವವಿದ್ಯಾಲಯವೊಂದರಲ್ಲಿ ದೊಡ್ಡ ಗಣಕಸಮೂಹವಿತ್ತು. ನೂರಾರು ಗಣಕಗಳನ್ನು ಒಂದೇ ಕೋಣೆಯಲ್ಲಿ ಜೋಡಿಸಿ, ಒಂದೇ ಯಂತ್ರದಂತೆ ದುಡಿಸುವ ಏರ್ಪಾಡು. ಗಾಳಿ, ನೀರು ಹರಿಯುವ ಬಗೆಯನ್ನು ಲೆಕ್ಕ ಹಾಕುವ ತಂತ್ರಾಂಶವೊಂದು ಅದರ ಮೇಲೆ ಓಡುತ್ತಿತ್ತು. ತಂತ್ರಾಂಶವೇನೋ ಪುಣ್ಯಾತ್ಮನಂಥದ್ದು, ಅದರ ಪರವಾನಗಿ ಮಾತ್ರ ಹಾಗಲ್ಲ. ಏಕಕಾಲಕ್ಕೆ ಹನ್ನೆರಡು ಮಂದಿ ಬಳಸಬಹುದು, ಹದಿಮೂರನೆಯವರು ಹೊರಗೆ ಕಾಯಬೇಕು. ಇದನ್ನೇ ಎಲ್ಲರೂ ಸೀಟು ಎನ್ನುತ್ತಿದ್ದರು.

ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ವಿದ್ಯೆ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಕೆಲಸವಿಲ್ಲದೆ ಕೂತವರನ್ನು ವ್ಯವಸ್ಥೆ ಹೊರಗೆ ಹಾಕತೊಡಗಿದಾಗ, ಪಂಡಿತರೆಲ್ಲ ಸೇರಿ ಸುಳ್ಳು ಲೆಕ್ಕ ಹೊಸೆದರು. ಎರಡಕ್ಕೆ ಎರಡು ಕೂಡಿಸುತ್ತ, ಕಳೆಯುತ್ತ ಇಡೀ ದಿನ ಸೀಟು ಕಾಯುವ ಲೆಕ್ಕ. ಅದಕ್ಕೆ ಟವೆಲ್ ಲೆಕ್ಕವೆಂದೇ ಹೆಸರು. ಡಾಕ್ಟರೇಟು ಪಡೆದವರ ಟವೆಲ್ ಸ್ವಲ್ಪ ಕಸೂತಿ ಹಾಕಿದ್ದು, ಅಷ್ಟೇ ವ್ಯತ್ಯಾಸ.

ಗಣಕಸಮೂಹದ ಮುಖ್ಯಸ್ಥೆ ಡಾ. ಅಕ್ಕಮ್ಮ ಹಾದಿಮನಿ ಕಂಡುಹಿಡಿದ, ಕಡಕೋಳರನ್ನು ಮಾತಾಡಿಸಿದ 'ಕಂಡಕ್ಟರ್' ಇದಕ್ಕೆ ಮದ್ದು. ಓಡುತ್ತಿರುವ ಲೆಕ್ಕವನ್ನು ಒಳಹೊಕ್ಕು ಓದಿ, ಅದು ನಿಜವಾಗಿ ದುಡಿಯುತ್ತಿದೆಯೋ ನಟಿಸುತ್ತಿದೆಯೋ ಎಂದು ಅದು ಗುರುತಿಸುತ್ತಿತ್ತು. ಯಾರನ್ನೂ ಹೊರದಬ್ಬುತ್ತಿರಲಿಲ್ಲ. ಯಾರು ನಿಂತಿದ್ದಾರೆ, ಏತಕ್ಕೆ ನಿಂತಿದ್ದಾರೆ ಎಂದು ಹೇಳಿ ಕೇಳುತ್ತಿತ್ತು. ಇವತ್ತು ಅದರ ಮೊದಲ ದಿನ. ಸಂಜೆ ಕುಲಪತಿಗಳು ನೋಡಲು ಬರುವವರಿದ್ದರು.

ಆದರೆ ಕಡಕೋಳರು ಬಿಟ್ಟ ಸೀಟಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೊಬ್ಬರು ನುಗ್ಗಿದ್ದರು; ಸಂಶೋಧಕಿ ಸಾಜಿದಾಗೆ ಸಿಗಲಿಲ್ಲ. ತೆರೆಯ ಮೇಲೆ 'ಸ್ಥಳವಿಲ್ಲ' ಎಂಬ ಅದೇ ಉತ್ತರ. ಅವಳು ಗಣಕಸಮೂಹದ ಕೋಣೆಗೆ ಓಡಿ ಬಂದಳು.

"ಮೇಡಂ, ಸಂಜೀ ಒಳಗ ಸ್ವರತಂತುವಿನ ಆಕಾರ ಆಸ್ಪತ್ರೆಗೆ ಕಳಸ್ಬೇಕ್ರಿ. ಅವರು ರಾತ್ರಿ ಅಚ್ಚು ಹಾಕಿ ಮುಂಜಾನೆ ಕೂಡಸ್ತಾರ. ತಡಾ ಆದ್ರ ಗಾಯ ಮಾಯ್ದು ಮುಚ್ಕೊಂತದ. ಮತ್ತ ಅವರು ಹಾಡೂದ ಇಲ್ಲ."

ಕಾಶೀಬಾಯಿ ಊರಿಗೆಲ್ಲ ಬೇಕಾದ ಗಾಯಕಿ. ಕಾಯಿಲೆಯಿಂದ ಸ್ವರತಂತು ತೆಗೆಸಿಕೊಂಡಿದ್ದರು. ಅವರ ಗಂಟಲಿನಲ್ಲಿ ಗಾಳಿ ಹೇಗೆ ಹಾಯುತ್ತದೆಂದು ಲೆಕ್ಕ ಹಾಕದೆ ಕೃತಕ ತಂತು ಮಾಡುವಂತಿರಲಿಲ್ಲ. ಸಾಜಿದಾಳ ಕಣ್ಣಲ್ಲಿ ನೀರು ತುಂಬಿತ್ತು.

ಅಕ್ಕಮ್ಮ ಕಂಡಕ್ಟರನ್ನು ಕೇಳಿದರು: "ಎಷ್ಟು ಮಂದಿ ದುಡ್ಯಾಕತ್ತಾರ?"

"ಹನ್ನೊಂದು ಮಂದಿ, ಮೇಡಂ."

"ಹನ್ನೆರಡನೇದರಾಗ ಯಾರು?"

"ನಾನ ರಿ."

ಬೇರೆಯವರ ಲೆಕ್ಕ ಓದಬೇಕಾದರೆ ಕಂಡಕ್ಟರ್ ಆ ತಂತ್ರಾಂಶವನ್ನು ತೆರೆಯಲೇಬೇಕು, ತೆರೆದರೆ ಒಂದು ಸೀಟು ಹೋಗಲೇಬೇಕು. ಎರಡು ವರ್ಷ ತಲೆ ಕೆಡಿಸಿಕೊಂಡ ಅಕ್ಕಮ್ಮನಿಗೆ ಇದೊಂದು ಹೊಳೆದಿರಲಿಲ್ಲ.

"ಏಳೋ ಮಾರಾಯಾ!"

"ಏಳ್ತೇನ್ರಿ. ಆದ್ರ ನಾ ಇಳಿದ್ರ ಟವೆಲ್ ಯಾರು ನೋಡ್ತಾರ್ರಿ?"

ಅಕ್ಕಮ್ಮನಿಗೆ ನಗು, ಅಳು ಒಟ್ಟಿಗೇ ಬಂತು. ಕುಲಪತಿಗಳು ಬರುವ ಹೊತ್ತಿಗೆ ತೋರಿಸಲು ಏನೂ ಇರುವುದಿಲ್ಲ. ಆದರೂ ಅವರು ಕಂಡಕ್ಟರನ್ನು ಬಂದ್ ಮಾಡಿದರು. ಸಾಜಿದಾ ಕೂತು ಲೆಕ್ಕ ಆರಂಭಿಸಿದಳು.

ಕುಲಪತಿಗಳು ಬಂದಾಗ ಯಂತ್ರ ಮೌನವಾಗಿತ್ತು. ಮಾತಾಡುತ್ತಿದ್ದವರು ಕಡಕೋಳರು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಂದೊಂದೇ ವಿಭಾಗಕ್ಕೆ ಫೋನು ಹಚ್ಚಿದ್ದರು: "ಏ ದೇಸಾಯಿ, ಇವತ್ತ ಟವೆಲ್ ಗಿವೆಲ್ ಒಗದೀಯಂದ್ರ ನೋಡು! ಕಾಶೀಬಾಯಾರ ಲೆಕ್ಕ ತುಂಡು ತುಂಡಾಗಿ ನಡದೈತಿ, ಪ್ರತಿ ಸಲ ಸೀಟು ಹೊಸದಾಗಿ ಹಿಡೀಬೇಕು." ಯಾರೂ ಒಗೆಯಲಿಲ್ಲ. ಇಷ್ಟು ವರ್ಷ ಹಿಂದೆ ಯಾರು ನಿಂತಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಾಗಿತ್ತು. ಹೊತ್ತು ಮುಳುಗುವ ಮೊದಲೇ ಸ್ವರತಂತುವಿನ ಆಕಾರ ಆಸ್ಪತ್ರೆ ತಲುಪಿತು. ಕುಲಪತಿಗಳು ಏನು ನೋಡಿದೆವೆಂದು ಪೂರ್ತಿ ಅರ್ಥವಾಗದೆಯೇ ಅಕ್ಕಮ್ಮನನ್ನು ಅಭಿನಂದಿಸಿ ಹೋದರು.

ತಿಂಗಳು ಕಳೆದ ಮೇಲೆ ಕಾಶೀಬಾಯಿಯವರೇ ಪೇಢೆಯ ಡಬ್ಬಿ ಹಿಡಿದು ಬಂದರು. ಕೋಣೆಯ ನಡುವೆ ನಿಂತು ಒಂದು ಷಡ್ಜ ಹಿಡಿದರು. ದನಿ ಕೊಂಚ ಒರಟು, ಆದರೆ ಅವರದೇ. ಸಾಜಿದಾ ಬಿಕ್ಕಿ ಬಿಕ್ಕಿ ಅತ್ತಳು. ಕಡಕೋಳರು ಕನ್ನಡಕ ತೆಗೆದು ಒರೆಸಿಕೊಂಡರು.

"ಆ ಸೀಟು ಯಾವುದು ತೋರಸ್ರಿ ಡಾಕ್ಟರಬಾಯಾರ. ಒಮ್ಮೆ ಕೈ ಮುಗಿತೇನಿ" ಎಂದರು ಕಾಶೀಬಾಯಿ.

"ಅದು ಕಾಣೂದಿಲ್ರಿ. ಅದೊಂದು ಅಂಕಿ. ಪರವಾನಗಿಯೊಳಗ ಹನ್ನೆರಡು ಅಂತ ಬರದಾರ, ಅಷ್ಟ."

"ಮತ್ತ ಹದಿಮೂರನೇದವರು ಕೂತ್ರ ಯಂತ್ರ ಮುರೀತದೇನು?"

"ಇಲ್ರಿ. ಈ ಯಂತ್ರ ಇನ್ನೂ ನೂರು ಮಂದಿನ್ನ ಹೊರತದ."

ಕಾಶೀಬಾಯಿ ಸಾಲುಸಾಲಾಗಿ ಮಿನುಗುವ ದೀಪಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಆಮೇಲೆ, ಹೊಸದಾಗಿ ಬಂದ ದನಿಯಲ್ಲಿ, ಸಿಟ್ಟಿಲ್ಲದೆ ಕೇಳಿದರು:

"ಹಂಗಾರ ನನ್ನ ಯಾಕ ನಿಂದ್ರಿಸಿದ್ರಿ?"

ಮರುದಿನ ಅಕ್ಕಮ್ಮನೂ ಸಾಜಿದಾಳೂ ಕಡಕೋಳರೂ ಕೂತು ಹೊಸ ತಂತ್ರಾಂಶವೊಂದನ್ನು ಬರೆಯತೊಡಗಿದರು. ಯಾರು ಬೇಕಾದರೂ ಬಳಸಬಹುದಾದದ್ದು, ಎಷ್ಟು ಮಂದಿ ಎಂದು ಎಣಿಸದೇ ಇರುವಂಥದ್ದು. ಕೆಲಸ ದೊಡ್ಡದು, ವರ್ಷಗಳೇ ಹಿಡಿಯಬಹುದು. ಆದರೆ ಅದನ್ನು ಶುರು ಮಾಡಲು ೨೦೫೮ರವರೆಗೆ ಕಾಯಬೇಕಾದ ಕಾರಣವೇನೂ ಇರಲಿಲ್ಲ. ಇಲ್ಲದ ಸೀಟಿನ ಮುಂದೆ ಇವತ್ತೂ ಯಾರೋ ನಿಂತಿದ್ದಾರೆ.