ಮೊದಲು ಆರಿದ ದೀಪ

ಕಳ್ಳಕವಟಗಿಯ ಭೀಮಾಬಾಯಿಯ ಕೊಟ್ಟಿಗೆಯಲ್ಲಿ ಮತ್ತೊಂದು ಕುರಿ ಸತ್ತು ಬಿದ್ದಿತ್ತು. ಕಣ್ಣು ಹಳದಿ, ಮೂತ್ರ ಕೆಂಪು.

ಮೊದಲು ಸತ್ತ ಕುರಿಗಳ ಯಕೃತ್ತಿನಲ್ಲಿ ತಾಮ್ರವಿದೆ ಎಂದು ವಿಜಯಪುರದಿಂದ ವರದಿ ಬಂದದ್ದೇ ತಡ, ಅಪರಾಧಿ ಸಿಕ್ಕೇಬಿಟ್ಟನೆಂದು ಜನ ಕುಣಿದರು. ಪಕ್ಕದ ಹೊಲದ ಗೈಬುಸಾಬ ದ್ರಾಕ್ಷಿಗೆ ಮೈಲುತುತ್ತ ಸಿಂಪಡಿಸುವವನು. ಮೈಲುತುತ್ತದಲ್ಲಿ ಇರುವುದೇ ತಾಮ್ರ. ಇನ್ನೇನು ಬೇಕು? ಅವನ ಬಳ್ಳಿಗಳನ್ನೆಲ್ಲ ಬುಡಕ್ಕೇ ಕಡಿದರು. ಅವನನ್ನೂ ಕಡಿದಾರೆಂದು ಪಿಎಸ್‌ಐ ಚಂದ್ರಕಲಾ ಠಾಣೆಯಲ್ಲಿ ಕೂರಿಸಿಕೊಂಡಿದ್ದಳು. ಹಾಗಾದರೆ, ಈ ಕುರಿಯನ್ನು ಕೊಂದವರು ಯಾರು?

“ಅವ್ವಾ, ಕುರಿ ಏನ ತಿಂತಾವ?” ಕೊಟ್ಟಿಗೆಗೆ ಬಂದ ಚಂದ್ರಕಲಾ ಭೀಮಾಬಾಯಿಯನ್ನು ಕೇಳಿದಳು.

“ಇದಽ ಹುಲ್ಲರಿ. ಸಗಣಿ ತೊಟ್ಟಿ ನೀರ ಹಾಯಿಸಿ ಬೆಳಸ್ತೇನಿ. ಆಕಳೂ ಇದನ್ನಽ ತಿಂತಾವ, ಅವಕ್ಕೇನೂ ಆಗಿಲ್ಲ.”

ಕಾಲೇಜಿನವರು ಪ್ರಯೋಗಕ್ಕೆಂದು ಕಟ್ಟಿಸಿದ ತೊಟ್ಟಿ ಅದು. ಸಗಣಿಯೊಳಗಿನ ಜೀವಾಣುಗಳು ವಿದ್ಯುತ್ ಹುಟ್ಟಿಸಿ ಕೊಟ್ಟಿಗೆಯ ಪುಟ್ಟ ದೀಪ ಉರಿಸುತ್ತಿದ್ದವು. ಈಗ ದೀಪ ಆರಿತ್ತು.

“ಇದು ಯಾವಾಗ ಆರಿತು?”

“ಕುರಿ ಸಾಯೂದಕ್ಕಿಂತ ಮೊದಲಽ. ಅದನ್ಯಾಕ ಕೇಳ್ತೀರಿ?”

ಚಂದ್ರಕಲಾ ಕಾಲೇಜಿಗೆ ಫೋನ್ ಮಾಡಿ ವಿಚಾರಿಸಿ, ತೊಟ್ಟಿಯ ತಂತಿ ಹಿಡಿದೆಳೆದಳು. ತುದಿಯಲ್ಲಿ ತೂತುತೂತಾದ, ಹಸಿರುಗಟ್ಟಿದ ತಗಡು!

“ಕಾಲೇಜಿನವ್ರನ್ನ ಕೇಳೇನಿ. ಕರೆಂಟ್ ಹಿಡಿಯಾಕ ಅವ್ರು ಇಟ್ಟಿದ್ದು ಕಾರ್ಬನ್ ಅರಿವಿ. ಇದು ಎಲ್ಲಿಂದ ಬಂತು?”

“ಆಕಳ ಗಬ್ಬ ಇತ್ತರಿ. ದನದ ಮನ್ಯಾಗ ಕರೀ ಅರಿವಿ ಇರಬಾರದಂತ ತಗದು, ನಮ್ಮತ್ತಿ ಹಂಡೇದ ತಾಮ್ರ ಕಟ್ಟೇನಿ. ತಾಮ್ರ ಮಡಿ ಅಲ್ಲೇನ್ರಿ?”

“ಎಲ್ಲಾರೂ ಕುರಿ ನೋಡಿದ್ರು, ದೀಪ ಯಾರೂ ನೋಡಲಿಲ್ಲ. ಸಗಣಿ, ಗಂಜಲದಾಗ ತಾಮ್ರ ಸವದು ಕರಗೇತಿ. ಮೊದಲ ಜೀವಾಣು ಸತ್ತು ದೀಪ ಆರಿತು. ಆಮ್ಯಾಲ ಹುಲ್ಲಿಗಿ ಹತ್ತಿತು. ಆಕಳ ತಡಕೋತಾವ, ಕುರಿ ತಡಕೊಳ್ಳಂಗಿಲ್ಲ. ನಿಮ್ಮ ಕುರಿ ಕೊಂದಾಕಿ ನೀವಽ, ಅವ್ವಾ.”

ಭೀಮಾಬಾಯಿ ಹೊರಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿದಳು. ಆಮೇಲೆ ಅವಳಾಡಿದ ಮಾತಿಗೆ ಚಂದ್ರಕಲಾಗೆ ಹೇಸಿಗೆಯಾಯಿತು.

“ಊರಾಗ ಹೇಳಬ್ಯಾಡ್ರಿ ಮೇಡಂ. ಅಂವಾ ಮಾಡ್ಯಾನಂತಽ ಇರ್ಲಿ.”

ಚಂದ್ರಕಲಾ ಅವಳನ್ನು ಜೀಪು ಹತ್ತಿಸಿ ಠಾಣೆಗೆ ಕರೆತಂದು, ಎಲ್ಲವನ್ನೂ ಗೈಬುಸಾಬನ ಮುಂದೆಯೇ ಹೇಳಿಸಿದಳು.

ಅವನು ಬೈಯಲಿಲ್ಲ. “ತಾಮ್ರದ ಗುಣ ನಿನಗ ಗೊತ್ತಿರಲಿಲ್ಲ ಅಕ್ಕಾ, ಒಪ್ಪಿದೆ. ನನ್ನ ಬಳ್ಳಿ ಕಡಿಯೂಮುಂದ ಎದುರಿಗೇ ನಿಂತಿದ್ದಿ. ಕೊಡ್ಲಿ ಗುಣಾನೂ ಗೊತ್ತಿರಲಿಲ್ಲೇನು?”